ಚಿನ್ನಕ್ಕೆ ಮೈಲಿಗೆ ಇಲ್ಲ

ಮೊನ್ನೆ ರಾತ್ರಿ ಊಟವಾದ ಮೇಲೆ ಹಾಸ್ಟೆಲ್ಲಿನ ಹತ್ತು ಹನ್ನೆರಡು ಹುಡುಗರು ಒಂದೇ ಮೊಬೈಲಿನ ಸುತ್ತ ತಲೆ ತೂರಿಸಿಕೊಂಡು ‘ಕೆ.ಜಿ.ಎಫ್.’ ಸಿನಿಮಾ ನೋಡುತ್ತಿದ್ದರು. 2018ರ ಸಿನಿಮಾ, ಇದು ಎಷ್ಟನೇ ಸಲವೋ. ನೋಡಲಿ ಬಿಡಿ, ಬೇಡ ಅನ್ನೋಕೆ ನಾವೇನು ವಾರ್ಡನ್ನುಗಳಾ? ನಾವೂ ಹಿಂದೆ ನಿಂತು ಕತ್ತು ಚಾಚಿ ನೋಡಿದೆವು. ಬೊಂಬಾಯಿಂದ ಒಬ್ಬ ನಾಯಕ ಬರುತ್ತಾನೆ. ಚಿನ್ನದ ಗಣಿಯಲ್ಲಿ ಗುಲಾಮರಾಗಿ ಸಾಯುತ್ತಿರುವ ಸಾವಿರಾರು ಜನರ ಪಾಲಿಗೆ ದೇವರಾಗುತ್ತಾನೆ. ಆ ಜನಕ್ಕೆ ಜಾತಿಯಿಲ್ಲ, ಊರಿಲ್ಲ, ಸಂಘವಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡು ನಾಯಕನ ದಾರಿ ಕಾಯುವುದೊಂದೇ ಅವರ ಕಸುಬು. ಹುಡುಗರು ಸಿಳ್ಳೆ ಹೊಡೆದರು. ಆಗ ಮಾರಿಕುಪ್ಪಂ ಕಡೆಯಿಂದ ಬಂದ ಒಬ್ಬ ಹುಡುಗ, ಯಾವತ್ತೂ ಹೆಚ್ಚು ಮಾತಾಡದವನು, ಹಿಂದೆ ಕಾಣುತ್ತಿದ್ದ ಬೂದುಗುಡ್ಡದ ಮೇಲೆ ಬೆರಳಿಟ್ಟು, “ಅಣ್ಣಾ, ಈ ಗುಡ್ಡ ನಮ್ಮ ಮನೆ ಹಿಂದೆ ಐತೆ. ಗುಡ್ಡ ಅಂದ್ರೆ ಗುಡ್ಡ ಅಲ್ಲ, ನಮ್ಮ ತಾತ ಅರೆದ ಕಲ್ಲಿನ ಪುಡಿ” ಅಂದ.

ಎರಡೂವರೆ ಗಂಟೆಯ ಆ ಗದ್ದಲದಲ್ಲಿ ನಮಗೆ ನಂಬಿಕೆ ಹುಟ್ಟಿಸಿದ್ದು ಆ ಒಂದೇ ಮಾತು.

ಕೋಲಾರದ ಚಿನ್ನದ ಗಣಿಯ ಚರಿತ್ರೆಯನ್ನ ನಮಗೆ ಹೇಳಿಕೊಟ್ಟ ರೀತಿ ನಿಮಗೂ ಗೊತ್ತು. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂತು. ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಬಂತು. ಒಟ್ಟು ಸುಮಾರು 800 ಟನ್ ಚಿನ್ನ ಬಂತು. 2001ರಲ್ಲಿ ಮುಚ್ಚಿತು. ಬಂತು, ಬಂತು, ಬಂತು, ಮುಚ್ಚಿತು! ಚಿನ್ನ ಏನು ತಾನಾಗೇ ನಡಕೊಂಡು ಬಂತಾ? ಕಲ್ಲು ಚಿನ್ನವಾದದ್ದು ಹೇಗೆ, ಅದನ್ನ ಆಗಿಸಿದ ಕೈ ಯಾವುದು ಅಂತ ಕೇಳಿದರೆ ಪಾಠ ಮುಗಿದಿರುತ್ತದೆ, ಗಂಟೆ ಹೊಡೆದಿರುತ್ತದೆ.

ಗಣಿ ಅಗೆಯೋದು ಒಂದು ಕೆಲಸ. ಅಗೆದು ತಂದ ಕಲ್ಲನ್ನ ಅರೆದು, ತೊಳೆದು, ಕರಗಿಸಿ, ಕಿಟ್ಟ ತೆಗೆದು ಶುದ್ಧ ಮಾಡೋದು ಇನ್ನೊಂದು ಕೆಲಸ. ಮೊದಲನೆಯದರ ಬಗ್ಗೆ ಅಷ್ಟೋ ಇಷ್ಟೋ ಬರೆದಿದ್ದಾರೆ. ಎರಡನೆಯದರ ಬಗ್ಗೆ ನಾವು ಮಾತಾಡಬೇಕು. ಯಾಕೆಂದರೆ ಈ ದೇಶದಲ್ಲಿ ‘ಶುದ್ಧ’ ಅನ್ನೋ ಒಂದು ಮಾತಿನ ಮೇಲೇ ತಾನೆ ನಮ್ಮ ಕೇರಿಗಳು ಊರಾಚೆ ಬಿದ್ದಿರೋದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಟಿಪ್ಪು ಬಿದ್ದು ಮೂರು ವರ್ಷವಾಗಿತ್ತು. 1802ರಲ್ಲಿ ಮೈಸೂರು ರಾಜ್ಯದ ಗಡಿ ಅಳೆಯಲು ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೇನಾಧಿಕಾರಿ ಈ ಕಡೆ ಬಂದ. ಮಣ್ಣಿನಲ್ಲಿ ಚಿನ್ನ ಇದೆ ಅನ್ನೋ ಗಾಳಿಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಅಂತ ಸಾರಿದ. ಹಳ್ಳಿಯವರು ಗಾಡಿ ತುಂಬ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಆಮೇಲೆ ಅವನು ಮಾರಿಕುಪ್ಪಂನ ಗುಂಡಿಗಳನ್ನೂ ನೋಡಿ, ಅಲ್ಲಿ ಕೆಲಸ ಮಾಡುವವರು ಪರೆಯರು ಅಂತ ಬರೆದಿಟ್ಟ. ನಮ್ಮವರು, ಗೆಳೆಯರೇ. ಕಂಪನಿ, ಕರೆಂಟು, ರೈಲು ಯಾವುದೂ ಕನಸಲ್ಲೂ ಇಲ್ಲದ ಕಾಲ ಅದು.

ಅವರು ಕೆಲಸ ಮಾಡುತ್ತಿದ್ದ ಬಗೆ ಕೇಳಿ. ಗುಂಡಿ ತೋಡುವುದು ಅಂತಾದಾಗ ಬೇರೆ ಬೇರೆ ಹಳ್ಳಿಯ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ತಮ್ಮೊಳಗೇ ಒಬ್ಬನನ್ನ ದಫೇದಾರ ಅಂತ ಆರಿಸುತ್ತಿದ್ದರು. ಕೆಲಸದ ಮೇಲ್ವಿಚಾರಣೆ ಅವನದು, ಸಿಕ್ಕ ಚಿನ್ನ ಮಾರುವುದೂ ಅವನದು. ದೀಪದ ಎಣ್ಣೆಗೆ, ಕಬ್ಬಿಣದ ಹತಾರಗಳಿಗೆ ಎಲ್ಲರೂ ಚಂದಾ ಹಾಕುತ್ತಿದ್ದರು. ಗಂಡಸರು ಕಲ್ಲಿನ ಬುಟ್ಟಿಯನ್ನ ಕೈಯಿಂದ ಕೈಗೆ ದಾಟಿಸಿ ಮೇಲೆ ತರುತ್ತಿದ್ದರು. ಹೆಂಗಸರು ಅದನ್ನ ದೊಡ್ಡ ಬಂಡೆಯ ಮೇಲೆ ಹಾಕಿ ಕುಟ್ಟಿ ಪುಡಿ ಮಾಡಿ ಬಾವಿಯ ಹತ್ತಿರ ಒಯ್ದು ತೊಳೆಯುತ್ತಿದ್ದರು. ಅಂದರೆ ಈ ನೆಲದಲ್ಲಿ ಚಿನ್ನ ಶುದ್ಧ ಮಾಡಿದ ಮೊದಲ ಕಾರ್ಖಾನೆ ಒಂದು ಬಂಡೆ, ಒಂದು ಬಾವಿ, ನಮ್ಮ ಅಮ್ಮಂದಿರ ಎರಡು ರಟ್ಟೆ.

ನವಿಲು ಹಾರಿ ಹೋಗಿ ಇಳಿದ ಜಾಗದಲ್ಲಿ ಚಿನ್ನದ ಎಳೆ ಇರುತ್ತದೆ ಅಂತಲೂ ಅವರು ನಂಬಿದ್ದರಂತೆ. ನಗಬೇಡಿ. 1880ರ ದಶಕದ ಮೊದಲ ವರ್ಷಗಳಲ್ಲಿ ಲಂಡನ್ನಿನಲ್ಲಿ ಷೇರು ಕೊಂಡವರ ದುಡ್ಡು ಹೆಚ್ಚು ಕಡಿಮೆ ಮುಗಿದೇ ಹೋಗಿತ್ತು. ಕೊನೆಗೆ ‘ಚಾಂಪಿಯನ್ ಲೋಡ್’ ಅನ್ನೋ ದೊಡ್ಡ ಎಳೆ ಸಿಕ್ಕಿದ್ದು ಹಳಬರು ತೋಡಿಬಿಟ್ಟಿದ್ದ ಗುಂಡಿಗಳ ಜಾಡಿನಲ್ಲೇ. ಎಂಜಿನಿಯರನ ಹೆಸರು ಪುಸ್ತಕದಲ್ಲಿದೆ. ಗುಂಡಿ ತೋಡಿದವರ ಹೆಸರು ಇಲ್ಲ, ನವಿಲಿನದು ಮಾತ್ರ ಇದೆ.

ಇನ್ನೊಂದು ತಮಾಷೆ ಕೇಳಿ. ಅಪಘಾತಗಳಾದವು ಅಂತ 1859ರಲ್ಲಿ ಇಲ್ಲಿ ನೆಲದೊಳಗೆ ಅಗೆಯುವುದನ್ನೇ ಸರ್ಕಾರ ನಿಷೇಧಿಸಿತು. ಹದಿನೈದು ಹದಿನಾರು ವರ್ಷ ಕಳೆಯುವಷ್ಟರಲ್ಲಿ ಲವೆಲ್ ಎಂಬ ಮಾಜಿ ಸೈನಿಕನಿಗೆ ಅದೇ ನೆಲಕ್ಕೆ ಪರವಾನಗಿ ಕೊಟ್ಟಿತು. ಅವನ ಕೈಯಿಂದ ಅದು ಕಂಪನಿಗಳ ಕೈಗೆ ಹೋಯಿತು. ನಮ್ಮವರ ಮೂವತ್ತು ನಲವತ್ತು ಅಡಿಯ ಗುಂಡಿ ಅಪಾಯ, ಕಂಪನಿಯ ಹತ್ತು ಸಾವಿರ ಅಡಿಯ ಗುಂಡಿ ಅಭಿವೃದ್ಧಿ! ದಫೇದಾರನನ್ನ ತಾವೇ ಆರಿಸಿಕೊಳ್ಳುತ್ತಿದ್ದ ಕಸುಬಿಗೆ ಈಗ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬರಗಾಲಕ್ಕೂ ಜೀತಕ್ಕೂ ಬೆನ್ನು ಹಾಕಿ ಬಂದ ನಮ್ಮ ಜನ ಕಂಪನಿಯ ಕೂಲಿಗಳಾಗಿ, ಬಿದಿರು ತಟ್ಟಿಯ ಲೈನುಗಳಲ್ಲಿ ಬಿಡಾರ ಹೂಡಿದರು.

ಆ ಹುಡುಗನ ಜೊತೆ ಒಂದು ಭಾನುವಾರ ನಾವು ನಾಲ್ಕು ಜನ ಅವನ ಮನೆಗೆ ಹೋದೆವು. ಅವನ ತಾತ ಗಣಿಗೆ ಇಳಿದವರಲ್ಲ, ಮೇಲೆ ಮಿಲ್ಲಿನಲ್ಲಿದ್ದವರು. ಎಂಬತ್ತು ದಾಟಿದೆ. ಅರ್ಧ ಕನ್ನಡ ಅರ್ಧ ತಮಿಳು. “ಬಾಪ್ಪಾ, ಕೂತ್ಕೋ ತಂಬಿ, ಗಣಿ ಕೇಳೋಕೆ ಎಲ್ಲಾ ಬರ್ತಾರೆ, ಮಿಲ್ಲು ಕೇಳೋಕೆ ನೀವೇ ಮೊದಲು” ಅಂದರು. ಅವರು ಹೇಳಿದ್ದನ್ನ, ಓದಿ ತಿಳಿದಿದ್ದನ್ನ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಬಿ.ಎ. ಓದಿದ ನಮಗೆ ಇದು ಅರ್ಥವಾಗಿದೆ ಅಂದ ಮೇಲೆ ಯಾರಿಗಾದರೂ ಆಗುತ್ತದೆ.

ಕಲ್ಲಲ್ಲಿ ಚಿನ್ನ ಕಣ್ಣಿಗೆ ಕಾಣೋದೇ ಅಪರೂಪ. ನೂರಿಪ್ಪತ್ತು ವರ್ಷದಲ್ಲಿ ಅರೆದ ಕಲ್ಲು ಸುಮಾರು 5 ಕೋಟಿ 10 ಲಕ್ಷ ಟನ್, ಸಿಕ್ಕಿದ ಚಿನ್ನ ಸುಮಾರು 800 ಟನ್. ಭಾಗಿಸಿ ನೋಡಿ. ಹತ್ತು ಕ್ವಿಂಟಾಲ್ ಕಲ್ಲು ಅರೆದರೆ ಹದಿನಾರು ಗ್ರಾಮ್ ಕೂಡ ಇಲ್ಲ, ಕೊರಳಿಗೆ ಒಂದು ಸಣ್ಣ ಸರ ಆದೀತು. ಉಳಿದದ್ದೆಲ್ಲ ಪುಡಿ. ಮೊದಲು ಕಲ್ಲನ್ನ ಒಡೆಯಬೇಕು. ತಾತನ ಅಪ್ಪನ ಕಾಲದಲ್ಲಿ ಅದಕ್ಕೆ ಸ್ಟಾಂಪು ಮಿಲ್ಲು, ಅಂದರೆ ಸಾಲಾಗಿ ನಿಲ್ಲಿಸಿದ ಕಬ್ಬಿಣದ ಒನಕೆಗಳು. ಹಗಲೂ ರಾತ್ರಿ ಧಡ್ ಧಡ್ ಅಂತ ಕುಟ್ಟೋದು. ಭಾನುವಾರ ನಿಂತರೆ ಮಕ್ಕಳು ನಿದ್ದೆಯಿಂದ ಎದ್ದು ಅಳುತ್ತಿದ್ದವಂತೆ, ಸದ್ದಿಲ್ಲದ್ದಕ್ಕೆ! ಆಮೇಲೆ ಬಂದದ್ದು ಉರುಳೋ ಪೀಪಾಯಿಯಂಥ ಮಿಲ್ಲು, ಒಳಗೆ ಕಬ್ಬಿಣದ ಗುಂಡುಗಳು. ನೀರು ಬೆರೆತು ಕಲ್ಲು ಅಂಬಲಿಯಾಗುತ್ತದೆ. ಆ ಅಂಬಲಿಯನ್ನ ಇಳಿಜಾರಿನಲ್ಲಿ ಹಾಸಿದ ಒರಟು ಬಟ್ಟೆಯ ಮೇಲೆ ಹರಿಸುತ್ತಾರೆ. ಚಿನ್ನ ತೂಕದ್ದು, ಬಟ್ಟೆಯ ಜುಂಜಿಗೆ ಸಿಕ್ಕಿ ಕೂರುತ್ತದೆ, ಹಗುರದ್ದು ಹರಿದು ಹೋಗುತ್ತದೆ. “ನಿಮ್ಮ ಅಮ್ಮ ಅಕ್ಕಿಯಿಂದ ಕಲ್ಲು ಗಾಳಿಸ್ತಾಳಲ್ಲ, ಅದೇ ವಿದ್ಯೆ. ಅದಕ್ಕೆ ಇಂಗ್ಲಿಷ್ ಹೆಸರು ಇಟ್ಟು ನಮಗೇ ಕಲಿಸಿದ್ರು” ಅಂತ ತಾತ ನಕ್ಕರು.

ಬಟ್ಟೆಯಲ್ಲಿ ಸಿಕ್ಕಿದ್ದಕ್ಕೆ ಪಾದರಸ ಹಾಕುತ್ತಾರೆ. ಪಾದರಸ ಚಿನ್ನವನ್ನ ಕಂಡರೆ ಬಿಡುವುದಿಲ್ಲ, ತಬ್ಬಿಕೊಂಡು ಮುದ್ದೆಯಾಗುತ್ತದೆ. ಮುದ್ದೆಯನ್ನ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ, ತೂತು ತೂತಾದ ಚಿನ್ನದ ಹೆಂಟೆ ಉಳಿಯುತ್ತದೆ. ಆ ಆವಿ ಮೂಗಿಗೆ ಹೋದರೆ ಏನಾಗುತ್ತದೆ ಅಂತ ಸೈನ್ಸ್ ಓದುವ ಗೆಳೆಯರನ್ನ ಕೇಳಿ.

ಇಷ್ಟಾದರೂ ಪುಡಿಯಲ್ಲಿ ಕಣ್ಣಿಗೆ ಕಾಣದ ಚಿನ್ನ ಉಳಿದಿರುತ್ತದೆ. 1887ರಲ್ಲಿ ಸ್ಕಾಟ್ಲೆಂಡಿನವರು ಅದಕ್ಕೊಂದು ಉಪಾಯ ಕಂಡುಹಿಡಿದರು. ಸಯನೈಡ್. ಮನುಷ್ಯನನ್ನ ಕೊಲ್ಲುವ ವಿಷವೇ ಕಲ್ಲಿನೊಳಗಿನ ಚಿನ್ನವನ್ನ ನೀರಿಗೆ ಕರಗಿಸಿಕೊಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಆ ವಿದ್ಯೆ ಇಲ್ಲಿಗೂ ಬಂತು. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಪುಡಿ, ಸುಣ್ಣ, ಸಯನೈಡ್ ನೀರು. ಕರಗಿದ ಚಿನ್ನದ ನೀರಿಗೆ ಸತುವು ಹಾಕಿದರೆ ಚಿನ್ನ ಕಪ್ಪು ಕೆಸರಾಗಿ ಕೆಳಗೆ ಕೂರುತ್ತದೆ. ನೋಡಿದರೆ ಚರಂಡಿ ಕೆಸರು ಅನ್ನಬೇಕು, ಹಾಗಿರುತ್ತದಂತೆ. ಅದನ್ನ ಒಣಗಿಸಿ ಬಿಳಿಗಾರ ಬೆರೆಸಿ ಮೂಸೆಗೆ ಹಾಕಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಕಿಟ್ಟ ಮೇಲೆ ತೇಲುತ್ತದೆ, ಚಿನ್ನ ತಳದಲ್ಲಿ ಕೂರುತ್ತದೆ. ಈ ದೇಶದ ಮೂಸೆಯಲ್ಲೂ ಹಾಗೇ ಆಗಿರೋದು. ಆದರೆ ಮೇಲೆ ತೇಲಿದ್ದೇ ಚಿನ್ನ ಅಂತ ನಮಗೆ ಬಾಯಿಪಾಠ ಮಾಡಿಸಿದ್ದಾರೆ.

ಕರಗಿದ್ದನ್ನ ಅಚ್ಚಿಗೆ ಹೊಯ್ದರೆ ಗಟ್ಟಿ. ಕಂಪನಿ ಕಾಲದಲ್ಲಿ ಆ ಗಟ್ಟಿ ರೈಲು ಹತ್ತಿ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು.

ಈಗ ನಮ್ಮ ಜಗಳಕ್ಕೆ ಬರೋಣ. ನಾವು ಮುಟ್ಟಿದ ಕೊಡದ ನೀರನ್ನ ಚೆಲ್ಲುತ್ತಾರೆ. ನಾವು ಕೂತ ಜಗಲಿಯನ್ನ ತೊಳೆಯುತ್ತಾರೆ. ನಾವು ಕುಡಿದ ಲೋಟವನ್ನ ಬೇರೆ ಇಡುತ್ತಾರೆ. ಆದರೆ ನಾವು ಅಗೆದು, ನಾವು ಹೊತ್ತು, ನಾವು ಅರೆದು, ನಾವು ತೊಳೆದ ಚಿನ್ನವನ್ನ ಇವತ್ತಿನವರೆಗೆ ಯಾರೂ ಚೆಲ್ಲಿದ್ದಿಲ್ಲ. ದೇವರ ತಲೆ ಮೇಲೆ ಕಿರೀಟವಾಯಿತು, ಮಠದಲ್ಲಿ ಪಾದುಕೆಯಾಯಿತು, ಮಡಿಯುಟ್ಟವರ ಕೊರಳಲ್ಲಿ ತಾಳಿಯಾಯಿತು. ಗರ್ಭಗುಡಿಯೊಳಗೆ ನಾವು ಹೋಗೋ ಹಾಗಿಲ್ಲ, ನಮ್ಮ ಬೆವರು ಮಾತ್ರ ಒಳಗೇ ಕೂತಿದೆ, ಮಂಗಳಾರತಿ ತಗೊಳ್ತಾ ಇದೆ! ಬೆಂಕಿಗೆ ಹಾಕಿದ ಮೇಲೆ ಎಲ್ಲವೂ ಶುದ್ಧ ಅನ್ನುತ್ತಾರೆ ಶಾಸ್ತ್ರ ಬಲ್ಲವರು. ಸರಿ ಸ್ವಾಮಿ, ಒಪ್ಪಿದೆವು. ಒಂದು ಗಳಿಗೆ ಬೆಂಕಿಯಲ್ಲಿದ್ದ ಲೋಹ ಶುದ್ಧವಾಯಿತು. ಆ ಬೆಂಕಿಯ ಮುಂದೆ, ನೆಲದೊಳಗಿನ ಆ ಕುದಿಯುವ ಬಂಡೆಗಳ ನಡುವೆ ಮೂವತ್ತು ವರ್ಷ ನಿಂತ ಮನುಷ್ಯ ಯಾಕೆ ಆಗಲಿಲ್ಲ?

ಮೈಲಿಗೆ ಇಲ್ಲದ ಕಡೆ ಅನುಮಾನ ಇತ್ತು. ಕಂಪನಿಯವರಿಗೆ ಜಾತಿ ಬೇಕಿರಲಿಲ್ಲ, ಕೂಲಿ ಅಂದರೆ ಕಳ್ಳ ಅನ್ನೋದು ಸಾಕಿತ್ತು. ಅವರಿಗಾಗಿ 1897ರಲ್ಲಿ ಮೈಸೂರು ಸರ್ಕಾರ ಒಂದು ಗಣಿ ಕಾನೂನನ್ನೇ ಮಾಡಿಕೊಟ್ಟಿತು. ಲೆಕ್ಕ ಹೇಳಲಾಗದ ಚಿನ್ನದ ಕಲ್ಲು, ಪುಡಿ ಹತ್ತಿರ ಇದ್ದರೇ ಅಪರಾಧ. ಮುಳ್ಳುತಂತಿ ಬೇಲಿ, ಗೇಟಿನಲ್ಲಿ ಮೈ ತಡಕಾಟ. 1930ರಲ್ಲಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆದು ರಿಜಿಸ್ಟರ್ ಮಾಡುತ್ತೇವೆ ಅಂತ ಹೊರಟರು. ಏಕಲವ್ಯನ ಹಾಗೆ ಹೆಬ್ಬೆರಳು ಕೊಟ್ಟು ಕೈಮುಗಿಯಲು ನಮ್ಮವರು ತಯಾರಿರಲಿಲ್ಲ. ಸಾವಿರಾರು ಜನ ಕೆಲಸ ನಿಲ್ಲಿಸಿ ಹೊರಗೆ ಬಂದರು. ಆಗ ಅವರಿಗೆ ಕಾನೂನು ಒಪ್ಪಿದ ಒಂದು ಯೂನಿಯನ್ ಕೂಡ ಇರಲಿಲ್ಲ. 1946ರಲ್ಲಿ ಮತ್ತೆ ಹೋರಾಟ. ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಸತ್ತರು. ಸಿನಿಮಾ ನೋಡಿ ಸಿಳ್ಳೆ ಹೊಡೆದ ಗೆಳೆಯರೇ, ಆಗ ಬೊಂಬಾಯಿಂದ ಯಾರೂ ಬಂದಿರಲಿಲ್ಲ.

ಅದಕ್ಕಿಂತ ಮುಂಚಿನದೊಂದು ವಿಷಯ ಹೇಳಲೇಬೇಕು. ಈ ಪತ್ರಿಕೆಯನ್ನ ಸಭೆಯ ಬಾಗಿಲಲ್ಲಿ ನಿಂತು ಮಾರುವಾಗ ನಮಗೆ ಅದು ಮತ್ತೆ ಮತ್ತೆ ನೆನಪಾಗುತ್ತದೆ. ಮದರಾಸಿನಲ್ಲಿ ಪಂಡಿತ ಅಯೋತ್ತಿದಾಸರು 1907ರಲ್ಲಿ ‘ಒರು ಪೈಸಾ ತಮಿಳನ್’ ಅಂತ ವಾರಪತ್ರಿಕೆ ತೆಗೆದರು. ಹೆಸರೇ ಹೇಳುವಂತೆ ಬೆಲೆ ಒಂದು ಪೈಸೆ. ನಾವು ಹುಟ್ಟಿನಿಂದ ಕೀಳಲ್ಲ, ಮೂಲದಲ್ಲಿ ಬೌದ್ಧರು ಅನ್ನೋದು ಅವರ ವಾದ. ಆ ಮಾತಿಗೆ ಗಟ್ಟಿ ನೆಲ ಸಿಕ್ಕಿದ ಊರುಗಳಲ್ಲಿ ಮಾರಿಕುಪ್ಪಂ ಒಂದು. ಅಲ್ಲಿ ಬೌದ್ಧ ಸಂಘದ ಶಾಖೆ ಕಟ್ಟಿದರು. ಚಾಂಪಿಯನ್ ರೀಫ್ಸ್‌ನಲ್ಲಿ ‘ಸಿದ್ಧಾರ್ಥ ಪುಸ್ತಕ ಶಾಲೆ’ ಅಂತ ಪ್ರಕಾಶನ ಮಾಡಿದರು. ಅಯೋತ್ತಿದಾಸರು 1914ರಲ್ಲಿ ತೀರಿಕೊಂಡ ಮೇಲೆ ಅವರ ಬರಹ ಅಳಿಯದ ಹಾಗೆ ಅಚ್ಚು ಹಾಕಿ ಉಳಿಸಿದ್ದರಲ್ಲಿ ಈ ಗಣಿಯೂರಿನ ಪಾಲು ದೊಡ್ಡದು. ಅಂಬೇಡ್ಕರ್ ಬೌದ್ಧರಾದದ್ದು 1956ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ ತಟ್ಟಿ ಗುಡಿಸಲ ಜನ ಈ ಶುದ್ಧ ಅಶುದ್ಧದ ಲೆಕ್ಕವನ್ನೇ ತಿರಸ್ಕರಿಸಿದ್ದರು. ಕಲ್ಲು ಅರೆದ ಕೂಲಿಯಲ್ಲಿ ಕಾಸು ಉಳಿಸಿ ಪುಸ್ತಕ ಅಚ್ಚು ಹಾಕಿಸಿದ್ದರು! ಯಾವ ಪಠ್ಯದಲ್ಲಿದೆ ಇದು?

“ಅವರು ತಮಿಳರು ಬಿಡ್ರಿ” ಅಂತ ಕೆಲವರು ಅನ್ನುತ್ತಾರೆ. ನಮ್ಮಲ್ಲೇ ಕೆಲವರು ಅನ್ನುತ್ತಾರೆ, ಅದು ಇನ್ನೂ ನೋವು. ಕನ್ನಡ ನಮ್ಮ ಬಾಯ ಭಾಷೆ, ನಮ್ಮ ಪದ್ಯದ ಭಾಷೆ, ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ನೂರು ವರ್ಷ ಈ ಮಣ್ಣನ್ನ ಶ್ವಾಸಕೋಶದಲ್ಲಿ ತುಂಬಿಕೊಂಡು ಕೆಮ್ಮಿ ಸತ್ತವರನ್ನ ಹೊರಗಿನವರು ಅನ್ನೋ ಕನ್ನಡ ನಮಗೆ ಬರೋದಿಲ್ಲ. ಕಲ್ಲಿನ ಧೂಳು ಯಾರ ಮಾತೃಭಾಷೆಯನ್ನೂ ಕೇಳಲಿಲ್ಲ.

ಬಿಳಿಯರು ಹೋದ ಮೇಲಿನ ಕಥೆ ಗೊತ್ತೇ ಇದೆ. 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅನ್ನೋ ಸರ್ಕಾರಿ ಕಂಪನಿ. 2001ರ ಫೆಬ್ರವರಿ 28ಕ್ಕೆ ಬೀಗ. ಈಗ ಬೆಳಗಿನ ಜಾವ ಮಾರಿಕುಪ್ಪಂ ರೈಲು ನೋಡಬೇಕು. ಗಣಿಯವರ ಮಕ್ಕಳು ಮೊಮ್ಮಕ್ಕಳು ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೆ ಹೊರಟಿರುತ್ತಾರೆ, ಸೆಕ್ಯೂರಿಟಿ ಕೆಲಸಕ್ಕೆ, ಗಾರೆ ಕೆಲಸಕ್ಕೆ, ಅಂಗಡಿ ಕೆಲಸಕ್ಕೆ. ಒಂದು ಕಾಲದಲ್ಲಿ ಅಪ್ಪನ ಮೈ ತಡಕುತ್ತಿದ್ದರು, ಈಗ ಮಗ ಬೇರೆಯವರ ಮಾಲ್‌ಗಳಲ್ಲಿ ಬಂದವರ ಮೈ ತಡಕುತ್ತಾನೆ.

ಗುಡ್ಡಗಳು ಮಾತ್ರ ಅಲ್ಲೇ ಇವೆ. 13 ಗುಡ್ಡ, ಸಾವಿರ ಎಕರೆ, ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ. ಗಾಳಿ ಎದ್ದ ದಿನ ಮನೆಯೊಳಗಿನ ಮುದ್ದೆಯ ಮೇಲೂ ಬಿಳಿ ಧೂಳು. ಆ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿನ ಆಸುಪಾಸು ಚಿನ್ನ ಇನ್ನೂ ಇದೆ ಅಂತ ಲೆಕ್ಕ. ಚಿನ್ನದ ಬೆಲೆ ಏರಿದ ಮೇಲೆ ಎಲ್ಲರಿಗೂ ಆ ಗುಡ್ಡ ನೆನಪಾಗಿದೆ. ಅದನ್ನ ಮತ್ತೆ ಅರೆದು ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ಕರ್ನಾಟಕದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು.

ಗುಡ್ಡ ಮುಟ್ಟಬೇಡಿ ಅಂತ ನಾವು ಹೇಳೋದಿಲ್ಲ. ಹಾಗೆ ಹೇಳೋ ಪರಿಸರವಾದಿಗಳು ಆ ಧೂಳು ಉಂಡವರಲ್ಲ. ಕರಗಲಿ, ಬೇಗ ಕರಗಲಿ. ಆದರೆ ಯಾರ ಹೆಸರಿನಲ್ಲಿ? ಗುಡ್ಡ ಹರಾಜಾಗುವ ದಿನ ಅದರ ಕಾಗದದಲ್ಲಿ ‘ತ್ಯಾಜ್ಯ’ ಅಂತ ಬರೆದಿರುತ್ತಾರೆ. ಅದು ತ್ಯಾಜ್ಯವಲ್ಲ, ಕೂಲಿ ಕೊಟ್ಟು ಮುಗಿಯದ ದುಡಿಮೆ. ಹೊಸ ಮಿಲ್ಲು ಬಂದರೆ ಗೇಟು ಕಾಯೋಕೆ, ಕಸ ಗುಡಿಸೋಕೆ ಮಾತ್ರ ನಮ್ಮವರು, ಮೂಸೆಯ ಕೋಣೆಗೆ, ಲ್ಯಾಬಿಗೆ, ಆಫೀಸಿಗೆ ಬೇರೆಯವರು ಅಂತ ಆದರೆ ಅದು ಜಾನ್ ಟೇಲರ್ ಕಾಲಕ್ಕಿಂತ ಯಾವುದರಲ್ಲಿ ಬೇರೆ? ಆ ಊರಿನ ಹುಡುಗ ಹುಡುಗಿಯರಿಗೆ ಲೋಹಶಾಸ್ತ್ರ ಕಲಿಸಿ, ಆ ಕೆಲಸ ಮೊದಲು ಅವರಿಗೆ ಕೊಡಲಿ. ಪುಡಿ ಕೆದಕುವ ಮೊದಲು ಧೂಳಿಗೆ ಕಡಿವಾಣ ಹಾಕಲಿ. ತೆಗೆದ ಚಿನ್ನದಲ್ಲಿ ಲೈನುಗಳ ಜನಕ್ಕೆ ಪಾಲಿರಲಿ, ಭಿಕ್ಷೆಯ ಹೆಸರಲ್ಲಿ ಬೇಡ, 1802ರ ಆ ಹತ್ತು ಹನ್ನೆರಡು ಜನ ಹಂಚಿಕೊಂಡಂಥ ಹಕ್ಕಿನ ಪಾಲು. ಸರ್ಕಾರಕ್ಕೆ ಇದು ಜಾಸ್ತಿ ಅನ್ನಿಸಬಹುದು. ದೀಪದ ಎಣ್ಣೆಯ ಚಂದಾ ಹಾಕಿದವರಿಗೆ ಅನ್ನಿಸುತ್ತಿರಲಿಲ್ಲ.

ಇಷ್ಟನ್ನ ಕೇಳಬೇಕಾದರೆ ಕೈಯಲ್ಲಿ ಬರಹ ಇರಬೇಕು. ತಾತನಂಥವರು ಇನ್ನೆಷ್ಟು ಜನ ಉಳಿದಿದ್ದಾರೆ? ಯಾವ ತೊಟ್ಟಿಯ ಹತ್ತಿರ ಎಷ್ಟು ಜನ, ಯಾವ ಲೈನಿನವರು, ಹೆಂಗಸರು ಯಾವ ಕೆಲಸಕ್ಕೆ, ಕೂಲಿ ಎಷ್ಟು, ಕೆಮ್ಮು ಯಾವಾಗ ಶುರುವಾಯಿತು, ಇದನ್ನೆಲ್ಲ ಅವರ ಬಾಯಿಂದಲೇ ಬರೆದುಕೊಳ್ಳೋದು ಅಂತ ತೀರ್ಮಾನ ಮಾಡಿದ್ದೇವೆ. ಮುಂದಿನ ತಿಂಗಳ ಎರಡನೇ ಭಾನುವಾರ ಮಾರಿಕುಪ್ಪಂ ರೈಲಿಗೆ ಹೊರಡುತ್ತೇವೆ. ತಮಿಳು ಬರುವವರು ಇಬ್ಬರಾದರೂ ಬೇಕು. ಒಂದು ನೋಟ್‌ಬುಕ್ಕು, ಪೆನ್ನು, ಮಧ್ಯಾಹ್ನದ ಬುತ್ತಿ ತರಬೇಕು. ತಾತ ಇನ್ನೊಂದು ಮಾತು ಹೇಳಿ ಕಳಿಸಿದ್ದಾರೆ. ಗಾಳಿ ಶುರುವಾಗಿದೆ, ಗುಡ್ಡ ಹತ್ತೋದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬನ್ನಿ.